ಬಯಲುಸೀಮೆಯ ಕಾವಲುಗಳು

ಮಂಗಳೂರಿನ ದೇರೆಬೈಲ್ ಈಗ ಮನೆಗಳೂ ಅಂಗಡಿಗಳೂ ತುಂಬಿದ ಬಡಾವಣೆ. ಆದರೂ ಅದರ ಹೆಸರಿನ ಕೊನೆಯಲ್ಲಿ ಬೈಲೆಂಬ ಮಾತು ಉಳಿದುಕೊಂಡಿದೆ. ಕರಾವಳಿಯಲ್ಲಿ ಬೈಲೆಂದರೆ ತಗ್ಗಿನಲ್ಲಿ ನೀರು ನಿಲ್ಲುವ ಗದ್ದೆ. ಅದಕ್ಕಿಂತ ಮೇಲಿನದು ಮಜಲು, ಇನ್ನೂ ಮೇಲಿನದು ಬೆಟ್ಟು. ಘಟ್ಟವನ್ನೇರಿ ಚಿತ್ರದುರ್ಗದ ಕಡೆಗೆ ನಡೆದರೆ ಇದೇ ಮಾತು ಬಯಲೆಂದಾಗಿ, ಮರಗಳು ವಿರಳವಾದ ಒಣನೆಲವನ್ನು ಸೂಚಿಸುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಸುರಿದರೆ, ಚಳ್ಳಕೆರೆಯಲ್ಲಿ 500ರ ಆಸುಪಾಸು ಬಿದ್ದರೆ ಹೆಚ್ಚು. ಅಂತಹ ನೆಲವನ್ನು ಬಂಜರೆಂದು ಎಣಿಸುವವರುಂಟು. ಆ ಎಣಿಕೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಚರಿತ್ರೆಯ ಬೆಳಕಿನಲ್ಲಿ ವಿಚಾರಿಸೋಣ.

ಬಯಲುಸೀಮೆಯ ಮಳೆ ಅಲ್ಪವಾದುದು ಮಾತ್ರವಲ್ಲ, ಚಂಚಲವಾದುದು ಕೂಡ. ಒಂದೂರಿನಲ್ಲಿ ಬಿದ್ದದ್ದು ನೆರೆಯೂರಿನಲ್ಲಿ ಬೀಳಲಿಕ್ಕಿಲ್ಲ. ಹೊಲವು ಮಳೆಯನ್ನು ಹುಡುಕಿಕೊಂಡು ಹೋಗಲಾರದು, ದನಕುರಿಗಳು ಹೋಗಬಲ್ಲವು. ಆದುದರಿಂದಲೇ ಅಲ್ಲಿ ಹಿಂಡೇ ಸಂಪತ್ತಾಯಿತು. ತುರುಗೋಳಿನಲ್ಲಿ, ಎಂದರೆ ದನಗಳನ್ನು ಸೆರೆಹಿಡಿದವರೊಡನೆ ನಡೆದ ಕಾಳಗದಲ್ಲಿ, ಮಡಿದವರ ವೀರಗಲ್ಲುಗಳು ಕನ್ನಡನಾಡಿನಲ್ಲಿ ಹೇರಳವಾಗಿರುವುದು ಇದಕ್ಕೆ ಸಾಕ್ಷಿ.

ಈ ಸಂಪತ್ತನ್ನು ಅರಸರೂ ಕಡೆಗಣಿಸಲಿಲ್ಲ. 1673ರಿಂದ 1704ರ ವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ಹಸುಗಳಿಗಾಗಿ ‘ಬೆಣ್ಣೆಚಾವಡಿ’ಯೆಂಬ ಇಲಾಖೆಯನ್ನು ಏರ್ಪಡಿಸಿದರು. ಹೈದರಾಲಿಯು ಆ ತಳಿಯ ಎತ್ತುಗಳನ್ನು ಸೈನ್ಯದ ಸಾಗಾಟಕ್ಕೆ ಬಳಸಿದನು. ಟಿಪ್ಪು ಸುಲ್ತಾನನು ಇಲಾಖೆಗೆ ‘ಅಮೃತಮಹಲ್’ ಎಂದು ಹೆಸರಿಟ್ಟನು. ತೋಪುಗಳನ್ನು ಎಳೆಯುವುದರಲ್ಲಿಯೂ ದೂರದ ದಾರಿಯನ್ನು ಬೇಗನೆ ಸವೆಸುವುದರಲ್ಲಿಯೂ ಈ ಎತ್ತುಗಳಿಗೆ ಸರಿಸಾಟಿಯಿರಲಿಲ್ಲ.

ಇಷ್ಟು ದೊಡ್ಡ ಹಿಂಡುಗಳನ್ನು ಒಣನಾಡಿನಲ್ಲಿ ಸಾಕಿದ ಬಗೆಯೇ ಇಲ್ಲಿ ಗಮನಾರ್ಹವಾದುದು. ಹುಲ್ಲುಗಾವಲುಗಳಿಗೆ ಕಾವಲುಗಳೆಂದು ಹೆಸರು. ಅವುಗಳನ್ನು ಮಳೆಗಾಲದ್ದು, ಚಳಿಗಾಲದ್ದು, ಬೇಸಗೆಯದು ಎಂದು ಋತುಮಾನಕ್ಕೆ ತಕ್ಕಂತೆ ವಿಂಗಡಿಸಿದ್ದರು. ಮೊದಲಿನ ಎರಡು ಬಗೆಗಳಲ್ಲಿ ಹುಲ್ಲು ಸಮೃದ್ಧ. ಆದರೆ ಬೇಸಗೆಯಲ್ಲಿ ಹುಲ್ಲು ಒಣಗಿ ನೀರು ಬತ್ತುವುದು. ಬೇಸಗೆಯ ಕಾವಲುಗಳಾದರೋ ನೀರೂ ನೆರಳೂ ಇರುವ ತಾಣಗಳು. ಕೆರೆಯ ಅಂಗಳ ಇಂಥದೊಂದು. ನೀರು ಹಿಂಜರಿದಂತೆ ಅಲ್ಲಿ ಹಸಿಹುಲ್ಲು ಚಿಗುರುತ್ತದೆ. ಒಂದು ನೆಲವನ್ನು ಮೇಯುವಾಗ ಮತ್ತೊಂದು ನೆಲ ವಿಶ್ರಮಿಸುತ್ತಿತ್ತು. ಇಡೀ ವರ್ಷ ಒಂದೇ ಕಾವಲಿನಲ್ಲಿ ದನಗಳನ್ನು ನಿಲ್ಲಿಸಿದ್ದರೆ ಹುಲ್ಲಿನ ಬೇರೂ ಉಳಿಯುತ್ತಿರಲಿಲ್ಲ.

ಅರಸರ ಈ ಏರ್ಪಾಟಿನ ತಳಹದಿ ಜನರ ಅನುಭವವೇ. ಕಾಡುಗೊಲ್ಲರ ಹಟ್ಟಿಗಳಲ್ಲಿಯೂ ಮ್ಯಾಸನಾಯಕರಲ್ಲಿಯೂ ಕುರುಬರಲ್ಲಿಯೂ ಋತುವರಿತು ಹಿಂಡನ್ನು ನಡೆಸುವ ಜ್ಞಾನ ತಲೆತಲಾಂತರದಿಂದ ಬಂದಿದೆ. ಮ್ಯಾಸನಾಯಕರು ದೇವರ ಎತ್ತುಗಳೆಂದು ಸಾಕುವ ಹಿಂಡನ್ನು ಕಾಯುವವನು ಕಿಲಾರಿ. ಸುಗ್ಗಿ ಮುಗಿದ ಮೇಲೆ ಕುರುಬರ ಮಂದೆಗಳು ರೈತರ ಹೊಲಗಳಲ್ಲಿ ರಾತ್ರಿ ತಂಗುವುದುಂಟು. ರೈತನಿಗೆ ಗೊಬ್ಬರ, ಕುರುಬನಿಗೆ ಕಾಳು ಅಥವಾ ಹಣ, ಕುರಿಗೆ ಕೂಳೆಯ ಮೇವು. ಮಂದೆಯ ಉಣ್ಣೆಯೇ ಚಳ್ಳಕೆರೆಯ ಪ್ರಸಿದ್ಧವಾದ ಕಂಬಳಿಗಳಿಗೆ ಮೂಲ. ಊರಿಗೆ ಊರೇ ಹೀಗೆ ಬೀಳುನೆಲದ ಋಣದಲ್ಲಿ ಬಾಳಿತು.

ಈ ಸಂಬಂಧವನ್ನು ಅರಿಯದೆ ಲೆಕ್ಕ ಹಾಕಿದರೆ ಏನಾಗುವುದೆಂಬುದಕ್ಕೆ ಚರಿತ್ರೆಯಲ್ಲೇ ನಿದರ್ಶನವುಂಟು. 1860ರಲ್ಲಿ ಆಂಗ್ಲ ಸರಕಾರವು ಮಿತವ್ಯಯದ ಕಾರಣವನ್ನು ಹೇಳಿ ಅಮೃತಮಹಲ್ ಇಲಾಖೆಯನ್ನು ಮುಚ್ಚಿ ಹಿಂಡುಗಳನ್ನು ಮಾರಿಬಿಟ್ಟಿತು. ಒಳ್ಳೆಯ ಎತ್ತುಗಳು ದೊರೆಯದಾಗಲು, ಆ ದಶಕ ಮುಗಿಯುವುದರೊಳಗಾಗಿ ಅದನ್ನು ಪುನಃ ಸ್ಥಾಪಿಸಬೇಕಾಯಿತು. ಚೆದುರಿದ ಹಿಂಡನ್ನು ಮತ್ತೆ ಕೂಡಿಸಬಹುದು. ಹೋದ ನೆಲವನ್ನು ಕೂಡಿಸುವುದು ಅಷ್ಟು ಸುಲಭವಲ್ಲ. ಒಂದು ಕಾಲಕ್ಕೆ 4 ಲಕ್ಷ ಎಕರೆಗೂ ಮಿಕ್ಕಿದ್ದವೆಂದು ಹೇಳಲಾಗುವ ಕಾವಲುಗಳಲ್ಲಿ ಇಂದು ಅಲ್ಪಾಂಶವೇ ಉಳಿದಿದೆ. ಇತ್ತೀಚಿನ ವರ್ಷಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಸುಮಾರು 10,000 ಎಕರೆ ವಿಜ್ಞಾನ, ರಕ್ಷಣೆ ಮೊದಲಾದ ಕಾರ್ಯಗಳಿಗೆ ಹಂಚಿಕೆಯಾಯಿತು. ದನಕುರಿಗಳ ದಾರಿಗೆ ಗೋಡೆ ಅಡ್ಡವಾದಾಗ ಸುತ್ತಲಿನ ಹಳ್ಳಿಗರು ಪ್ರತಿಭಟಿಸಿದರು. ವಿವಾದವು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ವರೆಗೂ ಹೋಯಿತು. ವಿಜ್ಞಾನವೂ ರಕ್ಷಣೆಯೂ ದೇಶಕ್ಕೆ ಅಗತ್ಯವಾದುವೇ. ಆದರೆ ಆ ನೆಲ ಯಾರಿಗೂ ಬೇಡದೆ ಬಿದ್ದಿದ್ದ ನೆಲವಾಗಿರಲಿಲ್ಲ.

ಕರಾವಳಿಯವರಿಗೆ ಈ ಮಾತು ಅಪರಿಚಿತವಾಗಲಾರದು. ದಕ್ಷಿಣ ಕನ್ನಡದಲ್ಲಿ ಕುಮ್ಕಿಯೆಂಬ ಹಕ್ಕುಂಟು. ಹಳೆಯ ವರ್ಗಭೂಮಿಯ ಅಂಚಿನಿಂದ 100 ಗಜದೊಳಗಿನ ಸರಕಾರಿ ನೆಲದಿಂದ ರೈತನು ಸೊಪ್ಪು ಸೌದೆಗಳನ್ನು ತರಬಹುದು, ಅಲ್ಲಿ ದನ ಮೇಯಿಸಬಹುದು. ಆ ಸೊಪ್ಪು ದನದ ಹಟ್ಟಿಯಲ್ಲಿ ಗೊಬ್ಬರವಾಗಿ ಬೈಲಿನ ಬತ್ತಕ್ಕೆ ಸಾರವಾಗುತ್ತಿತ್ತು. ಉಳದ ಗುಡ್ಡವಿಲ್ಲದೆ ಉತ್ತ ಗದ್ದೆಯಿರಲಿಲ್ಲ. ಕರಾವಳಿಯಲ್ಲಿ ಹಟ್ಟಿಯೆಂದರೆ ದನದ ಕೊಟ್ಟಿಗೆ. ಚಿತ್ರದುರ್ಗದಲ್ಲಿ ಗೊಲ್ಲರು ವಾಸಿಸುವ ಊರೇ ಹಟ್ಟಿ. ಎರಡು ಕಡೆಯೂ ಆ ಹಟ್ಟಿಯನ್ನು ಪೋಷಿಸಿದ್ದು ನೇಗಿಲು ಮುಟ್ಟದ ನೆಲವೇ. ಕಂದಾಯದ ಕಡತದಲ್ಲಿ ಬಂಜರೆಂದು ಬರೆದುದನ್ನು ಓದುವಾಗ, ಆ ನೆಲದಿಂದ ಯಾರ ಹಟ್ಟಿ ಬದುಕುತ್ತಿದೆಯೆಂದು ನಾವು ಮೊದಲು ವಿಚಾರಿಸುವುದು ಯುಕ್ತ.