ಮೃತರ ಟೀಕೆ ಮತ್ತು ಶೋಕಮರ್ಯಾದೆ

ತೀರಿಕೊಂಡವರ ಬಗ್ಗೆ ಯಾವಾಗ, ಎಲ್ಲಿ, ಎಷ್ಟರ ಮಟ್ಟಿಗೆ ಮಾತಾಡಬಹುದು ಎಂಬ ಪ್ರಶ್ನೆಯಲ್ಲಿ ಸಂವಿಧಾನದ 19(1)(ಎ) ವಿಧಿ ಕೊಟ್ಟ ವಾಕ್ ಸ್ವಾತಂತ್ರ್ಯವೂ ಸಾವಿನ ಮನೆಯವರ ದುಃಖವೂ ಎದುರುಬದುರಾಗುತ್ತವೆ. ಕನ್ನಡದಲ್ಲಿ ಈ ಚರ್ಚೆಯ ಒಂದು ಬೇರು ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿದೆ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ (1932–2014) ಇದರ ಎರಡೂ ತುದಿಗಳಲ್ಲಿ ಕಾಣಿಸುತ್ತಾರೆ: ಮೊದಲು ಸತ್ತವರ ಬಗ್ಗೆ ಬರೆದವರಾಗಿ, ಕೊನೆಗೆ ತಾವೇ ಸತ್ತವರಾಗಿ.

ಮಲೆನಾಡಿನಲ್ಲಿ ಸಾವಿನ ಮನೆಗೆ ‘ಮಾತಾಡಿಸಿಕೊಂಡು ಬರಲು’ ಹೋಗುತ್ತಾರೆ. ಹಾಗೆ ಹೋದವರು ಮಾತಾಡುವುದು ಕಡಿಮೆ. ಜಗುಲಿಯ ಮೇಲೆ ಕೂರುತ್ತಾರೆ, ಎಷ್ಟು ಹೊತ್ತಿಗೆ ಹೋದರು ಎಂದು ಕೇಳುತ್ತಾರೆ, ಏಳುವಾಗ ‘ಹೋಗಿ ಬರ್ತೀನಿ’ ಎನ್ನದೆ ಸುಮ್ಮನೆ ಮೆಟ್ಟಿಲಿಳಿಯುತ್ತಾರೆ. ಸಾಲ, ಗಡಿ ತಕರಾರು, ಪಾಲಿನ ಜಗಳ ಯಾವುದನ್ನೂ ಅಲ್ಲಿ ಎತ್ತುವಂತಿಲ್ಲ. ಆದರೆ ಈ ಮೌನಕ್ಕೆ ಅವಧಿಯುಂಟು. ಜಾತಿ, ಮನೆತನಗಳ ಪ್ರಕಾರ ಹನ್ನೊಂದೋ ಹದಿಮೂರೋ ದಿನ ಕಳೆದು ಸೂತಕ ಹೋದಮೇಲೆ ಹಳೆಯ ಜಗಳ ಹಳೆಯ ಜಾಗಕ್ಕೇ ಬರುತ್ತದೆ. ಸತ್ತವರನ್ನು ಎಂದೆಂದಿಗೂ ಆಡಿಕೊಳ್ಳಬಾರದು ಎಂದು ಸಂಪ್ರದಾಯ ಹೇಳಿದೆ ಅನ್ನುವವರು ಈ ಅರ್ಧವನ್ನು ಮರೆಯುತ್ತಾರೆ.

ಅನಂತಮೂರ್ತಿಯವರ ‘ಸಂಸ್ಕಾರ’ (1965) ಹೆಣ ಬಿದ್ದಿರುವಾಗಲೇ ನಡೆಯುವ ಮಾತಿನ ಕಥೆ. ನಾರಣಪ್ಪ ಸತ್ತಿದ್ದಾನೆ, ದಹನವಾಗುವ ತನಕ ಅಗ್ರಹಾರದವರು ಊಟ ಮಾಡುವಂತಿಲ್ಲ, ಆ ಹಸಿವಿನಲ್ಲೇ ಅವನ ದೋಷಗಳ ಪಟ್ಟಿ ಬೆಳೆಯುತ್ತದೆ. ಇದೇ ಕಾದಂಬರಿಯ ಚಲನಚಿತ್ರಕ್ಕೆ (1970) ಸೆನ್ಸಾರ್ ಮಂಡಳಿ ಮೊದಲು ಅನುಮತಿ ನಿರಾಕರಿಸಿತ್ತು. ಆಮೇಲೆ ಅದೇ ಚಿತ್ರ ರಾಷ್ಟ್ರಪತಿಗಳ ಸ್ವರ್ಣಪದಕ ಪಡೆಯಿತು.

ಇನ್ನೂ ನಾಜೂಕಾದ ಉದಾಹರಣೆ ‘ಅವಸ್ಥೆ’ (1978). ಆರಗ ಸೀಮೆಯ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1951ರ ಕಾಗೋಡು ಸತ್ಯಾಗ್ರಹದ ಮುಂಚೂಣಿಯಲ್ಲಿದ್ದವರು, 1952ರಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಹೋದವರು. ದೀರ್ಘ ಕಾಯಿಲೆಯ ನಂತರ 1972ರ ಜೂನ್ 9ರಂದು ತೀರಿಕೊಂಡರು. ಆರು ವರ್ಷದ ಬಳಿಕ ಬಂದ ‘ಅವಸ್ಥೆ’ಯ ನಾಯಕ ಕೃಷ್ಣಪ್ಪಗೌಡ ಹಾಸಿಗೆ ಹಿಡಿದ ಸಮಾಜವಾದಿ ನಾಯಕ, ಮಾದರಿ ಯಾರು ಎಂದು ಓದುಗರಿಗೆ ಯಾರೂ ಹೇಳಬೇಕಿರಲಿಲ್ಲ. ತೊಡಕಿರುವುದು ಕಾದಂಬರಿಯ ಒಳಮನೆಯಲ್ಲಿ. ಕೃಷ್ಣಪ್ಪನ ಕಹಿ ದಾಂಪತ್ಯ ಕಲ್ಪನೆಯ ಮಾತು, ಆದರೆ ಹೊರಬದುಕನ್ನು ಗುರುತಿಸಿದ ಓದುಗ ಒಳಬದುಕನ್ನೂ ನಿಜವೆಂದೇ ಓದಿಕೊಂಡುಬಿಡುತ್ತಾನೆ. ಬದುಕಿರುವ ಮನೆಯವರು ಅದನ್ನು ಅಲ್ಲಗಳೆಯುವುದಾದರೂ ಹೇಗೆ? ಬಯ್ಗುಳಕ್ಕಾದರೆ ತಿರುಗಿ ಅನ್ನಬಹುದು, ಕಾದಂಬರಿಗೆ ಅನ್ನಲಾಗದು. ಹಾಗೆಂದು ‘ಅವಸ್ಥೆ’ ಬರೆಯಬಾರದಿತ್ತು ಎನ್ನಲೂ ಆಗದು. ಗೋಪಾಲಗೌಡರ ಹೆಸರು ಮುಂದಿನ ತಲೆಮಾರಿಗೆ ತಲುಪಿದ್ದರಲ್ಲಿ ಆ ಪುಸ್ತಕದ ಪಾಲೂ ಇದೆ.

2013ರ ಸೆಪ್ಟೆಂಬರಿನಲ್ಲಿ ಅನಂತಮೂರ್ತಿ, ನರೇಂದ್ರ ಮೋದಿ ಪ್ರಧಾನಿಯಾದ ದೇಶದಲ್ಲಿ ಬದುಕಿರಲು ಇಷ್ಟಪಡುವುದಿಲ್ಲ ಎಂದರು. ಮಾತು ಅತಿಯಾಯಿತೆಂದು ಮುಂದೆ ಅವರೇ ಒಪ್ಪಿಕೊಂಡರೂ ಸಿಟ್ಟು ಆರಲಿಲ್ಲ. 2014ರ ಆಗಸ್ಟ್ 22ರಂದು ಬೆಂಗಳೂರಿನಲ್ಲಿ ಅವರು ನಿಧನರಾದಾಗ ಮಂಗಳೂರು, ಚಿಕ್ಕಮಗಳೂರುಗಳಲ್ಲಿ ಕೆಲವರು ಪಟಾಕಿ ಸಿಡಿಸಿದರೆಂದು ಪತ್ರಿಕೆಗಳು ವರದಿ ಮಾಡಿದವು. ಮರುದಿನ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿರುವ ಕಲಾಗ್ರಾಮದಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು.

ಕಾನೂನಿನ ಕಣ್ಣಿಗೆ ಈ ಪಟಾಕಿ ಏನು? 19(2)ನೆಯ ವಿಧಿ ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕುವ ಕಾರಣಗಳಲ್ಲಿ ಸಾರ್ವಜನಿಕ ಶಾಂತಿ, ಸಭ್ಯತೆ, ಮಾನಹಾನಿ ಇವೆ. ದುಃಖಿತರ ಮನನೋವು ಇಲ್ಲ. ಮೃತರ ಮೇಲಿನ ಆರೋಪ ಅವರು ಬದುಕಿದ್ದರೆ ಹೆಸರು ಕೆಡಿಸುವಂತಿದ್ದು, ಹತ್ತಿರದ ಬಂಧುಗಳನ್ನು ನೋಯಿಸುವ ಉದ್ದೇಶವೂ ಇದ್ದರೆ ಅದು ಮಾನಹಾನಿಯಾಗಬಹುದು ಎಂದು ಭಾರತೀಯ ದಂಡಸಂಹಿತೆಯ 499ನೆಯ ಕಲಮಿನ ಮೊದಲ ವಿವರಣೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಇದು ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಲ್ಲಿದೆ. ಭಾವನೆ ನೋಯಿಸುವ ಉದ್ದೇಶದಿಂದ ಶವಕ್ಕೆ ಅವಮಾನ ಮಾಡುವುದು, ಅಂತ್ಯಕ್ರಿಯೆಗೆ ಸೇರಿದವರಿಗೆ ತೊಂದರೆ ಕೊಡುವುದು ಬೇರೆಯೇ ಅಪರಾಧ: ಹಳೆಯ 297, ಈಗಿನ 301. ಪಟಾಕಿ ಆರೋಪ ಹೊರಿಸುವುದಿಲ್ಲ, ಮಂಗಳೂರಿನ ಸದ್ದು ಬೆಂಗಳೂರಿನ ಚಿತೆಗೆ ಮುಟ್ಟುವುದಿಲ್ಲ. ಹೀಗೆ ಅತ್ಯಂತ ಹೇಸಿಗೆಯ ವರ್ತನೆಯೇ ಎರಡೂ ಕಲಮುಗಳ ಸಂದಿಯಲ್ಲಿ ಜಾರಿಹೋಗಬಲ್ಲದು.

ಸಂದಿ ಮುಚ್ಚಲು ಕಾನೂನನ್ನು ಬಿಗಿ ಮಾಡಿದರೆ ಏನಾಗುತ್ತದೆಂಬುದಕ್ಕೆ 2012ರ ನವೆಂಬರಿನ ಪಾಲ್ಘರ್ ಪ್ರಕರಣ ಸಾಕ್ಷಿ. ಬಾಳ್ ಠಾಕ್ರೆ ನಿಧನದ ನಂತರದ ಮುಂಬೈ ಬಂದ್ ಅನ್ನು ಫೇಸ್‌ಬುಕ್ಕಿನಲ್ಲಿ ಪ್ರಶ್ನಿಸಿದ ಯುವತಿಯನ್ನೂ ಅದಕ್ಕೆ ಲೈಕ್ ಒತ್ತಿದ ಗೆಳತಿಯನ್ನೂ ಪೊಲೀಸರು ಬಂಧಿಸಿದರು. ಆ ಹಿನ್ನೆಲೆಯಲ್ಲಿ ಹೂಡಿದ ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಇಂಥ ಬಂಧನಗಳಿಗೆ ಬಳಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನೇ ರದ್ದುಮಾಡಿತು. ಅಮೆರಿಕದ ಸುಪ್ರೀಂ ಕೋರ್ಟ್ 2011ರ ಸ್ನೈಡರ್–ಫೆಲ್ಪ್ಸ್ ತೀರ್ಪಿನಲ್ಲಿ ಇನ್ನೂ ಮುಂದೆ ಹೋಗಿ, ಸೈನಿಕನ ಶವಸಂಸ್ಕಾರದ ವೇಳೆ ಸುಮಾರು 1,000 ಅಡಿ ದೂರದಲ್ಲಿ ದ್ವೇಷದ ಫಲಕ ಹಿಡಿದವರಿಗೂ ರಕ್ಷಣೆ ಕೊಟ್ಟಿತು.

ಮಾತು ಬದುಕಿರುವವರತ್ತ ತಿರುಗಿದಾಗ ಲೆಕ್ಕ ಬೇರೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಹತ್ಯೆಯಾದ ಮೇಲೆ ಟ್ವಿಟರಿನಲ್ಲಿ ಸಂತೋಷಪಟ್ಟು, ಮುಂದಿನ ಸರದಿ ಲೇಖಕ ಕೆ.ಎಸ್. ಭಗವಾನರದು ಎಂದ ಬಂಟ್ವಾಳದ ಒಬ್ಬ ಕಾರ್ಯಕರ್ತನನ್ನು ಪೊಲೀಸರು ಬಂಧಿಸಿದರು. ಅದು ಸಂತಾಪದ ಪ್ರಶ್ನೆಯಾಗಿ ಉಳಿದಿರಲಿಲ್ಲ, ಬೆದರಿಕೆಯಾಗಿತ್ತು.

‘ಸಂಸ್ಕಾರ’ ಚಿತ್ರದಲ್ಲಿ ಹೆಣದ ಮುಂದೆ ಶಾಸ್ತ್ರ ತಡಕುವ ಪ್ರಾಣೇಶಾಚಾರ್ಯನಾಗಿದ್ದ ಗಿರೀಶ ಕಾರ್ನಾಡರು 2019ರ ಜೂನ್ 10ರಂದು ತೀರಿಕೊಂಡಾಗಲೂ ಸಾಮಾಜಿಕ ಜಾಲತಾಣಗಳಲ್ಲಿ ಕೆಲವರು ಹಿಗ್ಗಿದರು. ಅವರ ಇಚ್ಛೆಯಂತೆ ಮನೆಯವರು ಸಾರ್ವಜನಿಕ ದರ್ಶನಕ್ಕೆ ಒಪ್ಪಲಿಲ್ಲ, ಸರ್ಕಾರಿ ಗೌರವವನ್ನೂ ಬೇಡವೆಂದರು. ಬೆಂಗಳೂರಿನ ಕಲ್ಪಳ್ಳಿ ಚಿತಾಗಾರದಲ್ಲಿ ಯಾವ ವಿಧಿಯೂ ಇಲ್ಲದೆ ಅಂತ್ಯಕ್ರಿಯೆ ಮುಗಿಯಿತು.