ಹೊಸ್ತಿಲೂ ನಾಯಿಮರಿಯೂ

ಚಿಕ್ಕಮಗಳೂರಿನಿಂದ ಕೈಮರದ ಮಾರ್ಗವಾಗಿ ಬಾಬಾಬುಡನ್ ಗಿರಿಯನ್ನು ಏರುವವರಿಗೆ ಅತ್ತಿಗುಂಡಿಯು ಹಾದಿಯಲ್ಲಿ ಸಿಕ್ಕುವ ಊರು. ಸುತ್ತಲೂ ಕಾಫಿಯ ತೋಟಗಳು, ಮೇಲೆ ಹುಲ್ಲು ಬೆಳೆದ ಬೋಳು ನೆತ್ತಿಗಳು, ಗುಡ್ಡಗುಡ್ಡಗಳ ಸಂದಿನಲ್ಲಿ ದಟ್ಟವಾದ ಕಾಡು. ಮಳೆಗಾಲದಲ್ಲಿ ಮಂಜು ಅಂಗಳದವರೆಗೂ ಇಳಿದು ನಿಲ್ಲುವುದು. ಇಂಥ ಊರಿನ ಮನೆಗೆ ಒಂದು ನಾಯಿಮರಿ ಬಂದಿತೆಂದರೆ, ಅದಕ್ಕೆ ಯಾವ ಹೆಸರಿಡಬೇಕು, ಏನನ್ನು ಉಣಿಸಬೇಕು ಎಂಬ ಪ್ರಶ್ನೆಗಳಿಗಿಂತ ಮೊದಲು ಬಗೆಹರಿಯಬೇಕಾದ ಪ್ರಶ್ನೆಯೊಂದುಂಟು: ರಾತ್ರಿಯ ಹೊತ್ತು ಅದು ಹೊಸ್ತಿಲಿನ ಒಳಗೆ ಮಲಗತಕ್ಕದ್ದೋ ಹೊರಗೋ? ಬಯಲುಸೀಮೆಯ ಮನೆಗಳಲ್ಲಿ ಇದು ಬಹುಮಟ್ಟಿಗೆ ಮಡಿ ಮೈಲಿಗೆಯ ವಿಚಾರ. ಗಿರಿಯಲ್ಲಿ ಹಾಗಲ್ಲ. ಚಿರತೆಗೆ ನಾಯಿಯು ಬಲು ಸುಲಭವಾದ ಮತ್ತು ಬಲು ಇಷ್ಟವಾದ ಆಹಾರ. ಜಗಲಿಯ ಕಂಬಕ್ಕೆ ಕಟ್ಟಿದ್ದ ಮರಿಯ ಜಾಗದಲ್ಲಿ ಬೆಳಗಾಗುವಷ್ಟರಲ್ಲಿ ಸರಪಣಿ ಮಾತ್ರ ಉಳಿದಿರುವುದು ಮಲೆನಾಡಿನ ಮನೆತನಗಳಿಗೆ ಹೊಸ ಸುದ್ದಿಯಲ್ಲ. ಹಿಮಾಲಯದ ಕುರುಬರು ಇದೇ ಭಯದಿಂದ ತಮ್ಮ ನಾಯಿಗಳ ಕೊರಳಿಗೆ ಮುಳ್ಳುಗಳುಳ್ಳ ಕಬ್ಬಿಣದ ಪಟ್ಟಿಯನ್ನು ತೊಡಿಸುವರು. ಆದರೆ ಎರಡು ತಿಂಗಳ ಮರಿಗೆ ಅಂಥ ಪಟ್ಟಿಯನ್ನು ತೊಡಿಸುವುದೆಲ್ಲಿ ಬಂತು?

ಹೀಗಿರಲು, ನಾಯಿಗೆ ಮನೆಯೊಳಗೆ ಎಡೆಯಿಲ್ಲವೆಂಬ ಕಟ್ಟಳೆಯು ಎಷ್ಟು ಹಳೆಯದು, ಅದು ಎಲ್ಲಿ ಸಡಿಲಿತು ಎಂಬುದನ್ನು ಸ್ವಲ್ಪ ವಿಚಾರಿಸಿ ನೋಡುವುದು ಅಸಂಗತವಾಗಲಾರದು. ಗಿರಿಗೆ ನಡೆದುಕೊಳ್ಳುವ ಮನೆಗಳಲ್ಲಿ ದತ್ತಾತ್ರೇಯನ ಪಟವಿರುವುದು ಸಾಮಾನ್ಯ. ಮೂರು ಮುಖದ ಆ ಗುರುವಿನ ಹಿಂದೆ ಗೋವು, ಪಾದದ ಬಳಿಯಲ್ಲಿ ನಾಲ್ಕು ನಾಯಿಗಳು. ಆ ನಾಲ್ಕೂ ನಾಲ್ಕು ವೇದಗಳೆಂದು ಹಿರಿಯರು ಮಕ್ಕಳಿಗೆ ಹೇಳಿಕೊಡುವರು. ಪಟದೊಳಗಿನ ನಾಲ್ಕಕ್ಕೆ ದಿನವೂ ಊದುಬತ್ತಿಯ ಸೇವೆ ನಡೆಯುತ್ತಿರುವಾಗಲೇ, ಹೊರಗೆ ಚಳಿಯಲ್ಲಿ ಕುಂಯ್‌ಗುಡುತ್ತಿರುವ ಐದನೆಯದನ್ನು ಯಾರೂ ಒಳಗೆ ಕರೆಯದಿರುವುದು ನಮ್ಮ ಮನೆಗಳ ಒಂದು ವಿಚಿತ್ರ.

ಧರ್ಮಶಾಸ್ತ್ರಗಳು ನಾಯಿಯನ್ನು ಅಶುಚಿಯೆಂದು ಎಣಿಸಿದುವೆಂಬುದು ನಿಜ. ಆದರೂ ಅವು ಅದನ್ನು ಉಪವಾಸ ಕೆಡವಲಿಲ್ಲ. ಗೃಹಸ್ಥನು ವೈಶ್ವದೇವವನ್ನು ಮುಗಿಸಿ ತಾನು ಉಣ್ಣುವುದಕ್ಕೆ ಮೊದಲು ನಾಯಿ, ಕಾಗೆ, ಕ್ರಿಮಿಗಳಿಗೂ ಪತಿತರಿಗೂ ನೆಲದ ಮೇಲೆ ಅನ್ನವನ್ನು ಮೆಲ್ಲನೆ ಇಡಬೇಕೆಂದು ಮನುವಿನ ವಿಧಿ. ಎಸೆಯಬಾರದು, ಮೆಲ್ಲನೆ ಇಡಬೇಕು ಎಂಬುದನ್ನು ಗಮನಿಸತಕ್ಕದ್ದು. ಯಮನ ಬಾಗಿಲನ್ನು ಕಾಯುವ ಶ್ಯಾಮ, ಶಬಲ ಎಂಬ ಎರಡು ನಾಯಿಗಳ ಹೆಸರಿನಲ್ಲಿಯೂ ಬಲಿಯನ್ನು ಇಡುವ ಪದ್ಧತಿಯುಂಟು. ಅನ್ನದಲ್ಲಿ ಪಾಲುಂಟು, ಮನೆಯಲ್ಲಿ ಎಡೆಯಿಲ್ಲ. ಶಾಸ್ತ್ರದ ನಿಲುವು ಇಷ್ಟು.

ಇತಿಹಾಸದ ನಿಲುವು ಇದಕ್ಕಿಂತ ಉದಾರವಾದುದು. ಮಹಾಭಾರತದ ಆದಿಪರ್ವದ ಆರಂಭದಲ್ಲಿಯೇ ಒಂದು ನಾಯಿಮರಿಯ ಪ್ರಸಂಗ ಬರುವುದನ್ನು ಎಷ್ಟೋ ಮಂದಿ ಓದುಗರು ಮರೆತಿರುತ್ತಾರೆ. ಕುರುಕ್ಷೇತ್ರದಲ್ಲಿ ಜನಮೇಜಯನು ಸತ್ರವನ್ನು ನಡೆಸುತ್ತಿದ್ದಾಗ ದೇವಶುನಿಯಾದ ಸರಮೆಯ ಮರಿಯೊಂದು ಅಲ್ಲಿಗೆ ಬಂದಿತು. ಅರಸನ ತಮ್ಮಂದಿರು ಮೂವರು ಅದನ್ನು ಹೊಡೆದು ಅಟ್ಟಿದರು. ಮರಿಯು ಅಳುತ್ತ ತಾಯಿಯ ಬಳಿಗೆ ಹೋಗಿ, ತಾನು ಹವಿಸ್ಸನ್ನು ನೆಕ್ಕಲಿಲ್ಲ, ಅದರ ಕಡೆ ನೋಡಲೂ ಇಲ್ಲವೆಂದು ಹೇಳಿತು. ಸರಮೆಯು ಸತ್ರಶಾಲೆಗೇ ಬಂದು, ತಪ್ಪು ಮಾಡದ ಮರಿಯನ್ನು ಹೊಡೆದುದಕ್ಕಾಗಿ ಕಾಣದ ಭಯವೊಂದು ನಿಮಗೆ ಬರಲಿ ಎಂದು ಶಪಿಸಿದಳು. ಅರಸನು ಆ ಶಾಪದ ಪರಿಹಾರಕ್ಕಾಗಿಯೇ ಪುರೋಹಿತನನ್ನು ಹುಡುಕಿಕೊಂಡು ಹೊರಡಬೇಕಾಯಿತು. ಅದೇ ಗ್ರಂಥದ ಕೊನೆಯಲ್ಲಿ ಧರ್ಮರಾಯನು ಸ್ವರ್ಗದ ಹೊಸ್ತಿಲಿನಲ್ಲಿ ನಿಂತು, ಹಿಂದೆ ಬಂದ ನಾಯಿಯನ್ನು ಬಿಟ್ಟು ಒಳಗೆ ಬರಲೊಲ್ಲೆನೆಂದು ಇಂದ್ರನೊಡನೆ ವಾದಿಸುತ್ತಾನೆ. ಇಂದ್ರನು ಮುಂದಿಡುವುದು ಮೈಲಿಗೆಯ ವಾದವೇ: ನಾಯಿ ಸಾಕಿದವರಿಗೆ ಸ್ವರ್ಗದಲ್ಲಿ ಸ್ಥಳವಿಲ್ಲ, ಅವರ ಪುಣ್ಯವೂ ಉಳಿಯದು. ತನ್ನನ್ನು ನಂಬಿ ಬಂದುದನ್ನು ತ್ಯಜಿಸುವುದು ಬ್ರಹ್ಮಹತ್ಯೆಗೆ ಸಮಾನವೆಂಬುದು ಧರ್ಮರಾಯನ ಉತ್ತರ. ಕುಮಾರವ್ಯಾಸನು ತನ್ನ ಭಾರತವನ್ನು ಹತ್ತು ಪರ್ವಗಳಿಗೆ ನಿಲ್ಲಿಸಿದ್ದರಿಂದ ಈ ಪ್ರಸಂಗವು ಅವನ ಕೈಗೆ ಬರಲಿಲ್ಲ. ಮಿಕ್ಕ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಪೂರೈಸಿದನು. ಕನ್ನಡ ನಾಡಿನ ಗಮಕಿಗಳ ಬಾಯಲ್ಲಿ ಆ ನಾಯಿಗೆ ಸಲ್ಲಬೇಕಾದಷ್ಟು ಪ್ರಚಾರ ಸಿಕ್ಕದೆ ಹೋದದ್ದು ಒಂದು ನಷ್ಟವೆಂದೇ ಹೇಳಬೇಕು.

ಅತ್ತಿಗುಂಡಿಯ ಮೇಲಿರುವ ಗುಹೆಗೆ ಹಿಂದೂಗಳಂತೆ ಮುಸಲ್ಮಾನರೂ ನಡೆದುಕೊಳ್ಳುವರು. ಮೋಕಾದಿಂದ ಏಳು ಕಾಫಿ ಬೀಜಗಳನ್ನು ತಂದು ಈ ಗಿರಿಯಲ್ಲಿ ಬಿತ್ತಿದನೆಂದು ಐತಿಹ್ಯವು ಹೇಳುವ ಬಾಬಾ ಬುಡನ್‌ನ ಹೆಸರು ಆ ಸ್ಥಳಕ್ಕಿದೆ. ಇಸ್ಲಾಮಿನಲ್ಲಿಯೂ ನಾಯಿಯ ಎಂಜಲು ಅಶುದ್ಧ. ಆದರೂ ಬೇಟೆ, ಮಂದೆ, ಬೆಳೆ ಇವುಗಳ ಕಾವಲಿಗಾಗಿ ನಾಯಿಯನ್ನು ಸಾಕಲು ಅನುಮತಿಯುಂಟು. ಕುರಾನಿನ ಹದಿನೆಂಟನೆಯ ಅಧ್ಯಾಯದಲ್ಲಿ ಬೇರೊಂದು ಗುಹೆಯ ಕಥೆಯಿದೆ. ದೇವರನ್ನು ನಂಬಿ ಊರು ಬಿಟ್ಟ ತರುಣರು ಗುಹೆಯೊಳಗೆ 309 ವರ್ಷ ನಿದ್ರಿಸಿದರು. ಅವರ ನಾಯಿಯು ಗುಹೆಯ ಹೊಸ್ತಿಲಿನಲ್ಲಿ ಮುಂಗಾಲುಗಳನ್ನು ಚಾಚಿ ಮಲಗಿತ್ತು. ಇಲ್ಲಿಯೂ ಅದು ಪೂರ್ತಿ ಒಳಗಿಲ್ಲ, ಹೊರಗೂ ಇಲ್ಲ.

ಇವೆಲ್ಲ ಗ್ರಂಥಗಳ ಮಾತಾಯಿತು. ಕನ್ನಡಿಗನೊಬ್ಬನು ನಾಯಿಯೊಂದನ್ನು ತನ್ನದಾಗಿ ಮಾಡಿಕೊಂಡುದಕ್ಕೆ ಕಲ್ಲಿನ ಮೇಲೆ ಕೊರೆದ ಸಾಕ್ಷ್ಯವು ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತಿದೆ. ಅದರ ಕಾಲ ಶಕ 872, ಅಂದರೆ ಕ್ರಿ. ಶ. 949–50. ಆ ಶಿಲೆಯು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಚರಿತ್ರಕಾರರು ಅದನ್ನು ಓದುವುದು ತಕ್ಕೋಲದ ಯುದ್ಧಕ್ಕಾಗಿ. ಆ ಯುದ್ಧದಲ್ಲಿ ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ರಾಷ್ಟ್ರಕೂಟ ಚಕ್ರವರ್ತಿಯಾದ ಮುಮ್ಮಡಿ ಕೃಷ್ಣನು ಅದಕ್ಕೆ ಮೆಚ್ಚಿ ಬನವಾಸಿ ಹನ್ನೆರಡು ಸಾವಿರ ಮೊದಲಾದ ನಾಡುಗಳನ್ನು ಅವನಿಗೆ ಕೊಟ್ಟನು. ಆದರೆ ಕಲ್ಲು ನೆಟ್ಟದ್ದು ಅದಕ್ಕಾಗಿ ಅಲ್ಲ. ಬೂತುಗನ ಪರಿವಾರದಲ್ಲಿ ಮಣಲೇರನೆಂಬ ವೀರನಿದ್ದನು. ಅವನ ಶೌರ್ಯಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೊ ಎಂದನು. ಮಣಲೇರನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿಯೆಂಬ ಹೆಸರಿನ ಬೇಟೆನಾಯಿಯನ್ನು ಕೇಳಿದನು. ಒಬ್ಬನಿಗೆ ಬನವಾಸಿ ಸಿಕ್ಕಿತು, ಇನ್ನೊಬ್ಬನಿಗೆ ನಾಯಿ ಸಿಕ್ಕಿತು. ಎರಡನೆಯದು ಕಡಮೆಯ ಮೆಚ್ಚುಗೆಯೆಂಬ ಸುಳಿವು ಶಾಸನದಲ್ಲಿ ಎಲ್ಲಿಯೂ ಇಲ್ಲ.

ಮುಂದಿನ ಸಂಗತಿ ಸಂಕ್ಷೇಪವಾಗಿದೆ. ಬೆಳತೂರಿನ ಬಳಿಯ ಮೊರಡಿಯಲ್ಲಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಸತ್ತುವು. ಮಣಲೇರನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಾಳಿಗಾಗಿ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟನು. ಕಲ್ಲಿನ ಮೇಲೆ ಹಂದಿಯೊಡನೆ ಸೆಣಸುತ್ತಿರುವ ನಾಯಿಯ ಚಿತ್ರವಿದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ಆ ನಾಯಿಯು ಗೈದ ಪಾಪವು ಅವನಿಗೆ ತಟ್ಟುವುದೆಂದು ಶಾಸನವು ಕಟ್ಟುಮಾಡಿದೆ. ವೈಶ್ವದೇವದ ವಿಧಿಯನ್ನು ಬಲ್ಲವರಿಗೆ ಇದರ ಸ್ವಾರಸ್ಯವು ಕೂಡಲೇ ಹೊಳೆಯುವುದು. ಶಾಸ್ತ್ರದಲ್ಲಿ ಗೃಹಸ್ಥನು ಉಣ್ಣುವ ಮೊದಲು ಅಂಗಳದ ನಾಯಿಗೆ ತುತ್ತು ಇಡುವನು. ಆತಕೂರಿನಲ್ಲಿ ಪೂಜಕನು ಉಣ್ಣುವ ಮೊದಲು ಸತ್ತ ನಾಯಿಗೆ ಪೂಜೆ ಮಾಡಬೇಕು, ಅದೂ ಶಿವನ ಗುಡಿಯ ಎದುರಿನಲ್ಲಿ. ಬದುಕಿದ್ದಾಗ ಕಾಳಿಯು ಮಣಲೇರನ ಮನೆಯಲ್ಲಿ ಎಲ್ಲಿ ಮಲಗುತ್ತಿತ್ತೆಂಬುದನ್ನು ಮಾತ್ರ ಕಲ್ಲು ಹೇಳುವುದಿಲ್ಲ. ಇಂದಿಗೂ ಮೈಲಾರಲಿಂಗನ ಭಕ್ತರಾದ ಗೊರವರು ಜಾತ್ರೆಗಳಲ್ಲಿ ನಾಯಿಯಂತೆ ಬೊಗಳುತ್ತ ಸೇವೆ ಸಲ್ಲಿಸುವುದನ್ನು ನೋಡಿದವರು, ಹಳೆಯ ಗೊರವನಿಗೂ ನಾಯಿಗೂ ಇದ್ದ ನಂಟನ್ನು ನೆನೆಯದೆ ಇರಲಾರರು.

ಕಾಳಿಯಂಥವು ಅರಮನೆಯ ಆಸ್ತಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಮುಮ್ಮಡಿ ಸೋಮೇಶ್ವರನು ಮಾನಸೋಲ್ಲಾಸದ ವಿನೋದಗಳ ನಡುವೆ ಸಾರಮೇಯ ವಿನೋದವನ್ನೂ ಸೇರಿಸಿ, ನಾಯಿಗಳ ವಿಷಯವು ಅರಸನು ತಿಳಿಯತಕ್ಕದ್ದೆಂದು ತೋರಿಸಿದನು. ಮುಧೋಳದ ಘೋರ್ಪಡೆ ರಾಜರು ತಮ್ಮ ಸೀಮೆಯ ಬೇಟೆನಾಯಿಗಳಿಗೆ ದೇಶಾಂತರದಲ್ಲಿ ಹೆಸರು ತಂದುದೂ ಇದೇ ಪರಂಪರೆಯ ಕೊನೆಯ ಅಧ್ಯಾಯ.

ಮಲೆನಾಡಿನ ಒಕ್ಕಲುಮನೆಯ ನಾಯಿಗೆ ಶಾಸನವಿಲ್ಲ. ಅದರ ಬಾಳು ಅಂಗಳ, ಕೊಟ್ಟಿಗೆ, ಕಣ, ಕಾಡು ಇಷ್ಟರಲ್ಲಿ ಮುಗಿಯುತ್ತಿತ್ತು. ಹಂದಿಬೇಟೆಗೆ ಅದು ಬೇಕು, ಗದ್ದೆಯ ಕಾವಲಿಗೆ ಬೇಕು. ರಾತ್ರಿ ಜಗಲಿಯೇ ಗತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಗಿರಿಯ ಮಗ್ಗುಲಲ್ಲಿ ಯುರೋಪಿಯನರ ಕಾಫಿ ತೋಟಗಳು ಎದ್ದ ಮೇಲೆ ನಾಯಿಯು ಬಂಗಲೆಯ ಒಳಗೆ, ಬೆಂಕಿಗೂಡಿನ ಮುಂದೆ ಮಲಗುವ ದೃಶ್ಯವನ್ನು ಇಲ್ಲಿಯ ಜನ ಕಂಡರು. ಹಲವರಿಗೆ ಅದು ದೊರೆಗಳ ಅನಾಚಾರಗಳಲ್ಲಿ ಒಂದಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಹೆಸರುಗಳಂತೂ ಬೇಗನೆ ಬದಲಾದುವು. ಕರಿಯ, ಕೆಂಚ, ಹುಲಿಯ ಇದ್ದಲ್ಲಿ ಟಾಮಿ, ಜಾಕಿ, ಟೈಗರ್ ಬಂದರು. ಸಾವಿರ ವರ್ಷದ ಹಿಂದಿನ ಕಾಳಿಗೆ ಸರಿಯಾದ ವಾರಸುದಾರನು ಕರಿಯನೇ ಎಂಬುದನ್ನು ಮಾತ್ರ ಒಪ್ಪಬೇಕು. ಈ ಎರಡು ಬಗೆಯ ಬಾಳ್ವೆಗೂ ನಮ್ಮ ಸಾಹಿತ್ಯದಲ್ಲಿ ಗುರುತು ಉಳಿದಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಹುಲಿಯನು ಗುತ್ತಿಯ ಹಿಂದೆ ಕಾಡುಮೇಡು ಅಲೆದು ಕೊನೆಗೆ ತುಂಗೆಯ ಪ್ರವಾಹದ ಪಾಲಾಗುವ ನಾಯಿ. ಮೂಡಿಗೆರೆಯಲ್ಲಿ ನೆಲಸಿದ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯ ಕಿವಿಯಾದರೋ ಯಜಮಾನನ ಮನೆಯ ಒಬ್ಬ ಸದಸ್ಯನೇ ಆಗಿಬಿಟ್ಟಿದೆ.

1972 ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಶಿಕಾರಿಯ ಕಾಲ ಮುಗಿಯಿತು. ಗಿರಿಯ ಒಡಲಿನಲ್ಲಿರುವ ಜಾಗರ ಕಣಿವೆಯು 1951 ರಲ್ಲಿಯೇ ಮೃಗಗಳ ಆಶ್ರಯಧಾಮವಾಗಿದ್ದಿತು. 1974 ರಲ್ಲಿ ಅದು ವಿಸ್ತಾರಗೊಂಡು ಭದ್ರಾ ಅಭಯಾರಣ್ಯವೆನಿಸಿತು, 1998 ರಲ್ಲಿ ಹುಲಿ ಯೋಜನೆಗೆ ಸೇರಿತು. ಬೇಟೆ ನಿಂತಿತು, ನಾಯಿ ಉಳಿಯಿತು, ಚಿರತೆಯೂ ಉಳಿಯಿತು. ಹೊಸ್ತಿಲಿನ ಪ್ರಶ್ನೆಗೆ ಹೊಸದೊಂದು ಮುಖ ಬಂದದ್ದು ಇಲ್ಲಿಂದ ಮುಂದೆ. ಕಾಡಿನಿಂದ ಮರಿಗೆ ಅಪಾಯವಿರುವಂತೆ, ಮರಿಯಿಂದ ಕಾಡಿಗೂ ಅಪಾಯವುಂಟು. ಡಿಸ್ಟೆಂಪರ್ ಎಂಬ ನಾಯಿಗಳ ಜ್ವರವು ಕಾಡಿನ ಮಾಂಸಾಹಾರಿಗಳಿಗೂ ತಗಲತಕ್ಕದ್ದು. 2018 ರಲ್ಲಿ ಗುಜರಾತಿನ ಗೀರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಸತ್ತವುಗಳಲ್ಲಿ ಈ ರೋಗದ ವಿಷಾಣು ಕಂಡುಬಂದಿತು. ಸೀಳುನಾಯಿಗಳೂ ಚಿರತೆಗಳೂ ಸುಳಿಯುವ ಕಾಡಿನ ಅಂಚಿನಲ್ಲಿ ಚುಚ್ಚುಮದ್ದು ಕಾಣದ ಮರಿಯನ್ನು ಮನಬಂದಂತೆ ಅಲೆಯಬಿಡುವುದು ಸಣ್ಣ ತಪ್ಪಲ್ಲ.

ಈ ಜ್ವರದ ಚರಿತ್ರೆಯಲ್ಲಿ ಮರೆಯಲಾಗದ ಇನ್ನೊಂದು ಮರಿಯುಂಟು. 1914 ರಲ್ಲಿ ಜರ್ಮನಿಯ ಬಾನ್ ನಗರದ ಬಳಿ ಓಬರ್‌ಕಾಸೆಲ್ ಎಂಬಲ್ಲಿ ಕಲ್ಲುಗಣಿಯವರು ಹಳೆಯ ಗೋರಿಯೊಂದನ್ನು ಕಂಡರು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ನಾಯಿಯೊಂದರ ಮೂಳೆಗಳು. ಅವುಗಳ ವಯಸ್ಸು ಸುಮಾರು 14,000 ವರ್ಷ. 2018 ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ತಿಳಿದುಬಂದುದೇನೆಂದರೆ, ಅದು ಏಳು ತಿಂಗಳೂ ತುಂಬದ ಮರಿ. ಹಲ್ಲುಗಳ ಮೇಲಿನ ಗುರುತುಗಳಿಂದ ಅದಕ್ಕೆ ಡಿಸ್ಟೆಂಪರ್ ತಗಲಿತ್ತೆಂದು ವಿದ್ವಾಂಸರು ಊಹಿಸಿದ್ದಾರೆ. ಆ ಸ್ಥಿತಿಯಲ್ಲಿ ಅದು ಹಲವು ವಾರ ಬದುಕಿದ್ದಿತು. ಯಾರೋ ಅದರ ಬಾಯಿಗೆ ನೀರು ಬಿಟ್ಟು, ಮೈಯನ್ನು ಶುಚಿ ಮಾಡಿ, ಬೆಚ್ಚಗೆ ಮಲಗಿಸದೆ ಇದ್ದಿದ್ದರೆ ಅಷ್ಟು ದಿನ ಬದುಕುವುದು ಸಾಧ್ಯವಿರಲಿಲ್ಲ. ಬೇಟೆಗೂ ಕಾವಲಿಗೂ ಬಾರದ ರೋಗಿಷ್ಠ ಮರಿಗೆ ನಡೆದ ಶುಶ್ರೂಷೆ ಅದು.

ಇನ್ನು ಹುಚ್ಚುನಾಯಿಯ ಭಯವೂ ಮರಿಯನ್ನು ಹೊರಗಿಡಲು ಒಂದು ಕಾರಣವಾಗಿದ್ದಿತು. ಆ ಭಯ ನಿರಾಧಾರವಾದುದಲ್ಲ. ಪಾಶ್ಚರನು 1885 ರಲ್ಲಿ ಪ್ಯಾರಿಸಿನಲ್ಲಿ ಮೊದಲ ಚಿಕಿತ್ಸೆಯನ್ನು ನಡೆಸಿದನು. ಭಾರತದಲ್ಲಿ 1900 ರಲ್ಲಿ ಕಸೌಲಿಯಲ್ಲಿ, ದಕ್ಷಿಣದವರಿಗಾಗಿ 1907 ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಚಿಕಿತ್ಸಾಲಯಗಳು ಸ್ಥಾಪಿತವಾದುವು. ಅಲ್ಲಿಯವರೆಗೆ ಕಡಿತಕ್ಕೆ ನಾಟಿ ಔಷಧವೂ ಹರಕೆಯೂ ಹೊರತು ಬೇರೆ ದಾರಿಯಿರಲಿಲ್ಲ. ಈಗ ಮರಿಗೆ ಮೂರು ತಿಂಗಳಾಗುತ್ತಲೇ ಚುಚ್ಚುಮದ್ದು ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಮರಳಿ ಹಾಕಿಸುತ್ತಿದ್ದರೆ ಆ ಕಾರಣವು ಇಲ್ಲದಂತಾಗುವುದು. ಡಿಸ್ಟೆಂಪರ್, ಪಾರ್ವೊ ಇವುಗಳ ಮದ್ದು ಅದಕ್ಕೂ ಮೊದಲೇ, ಆರೆಂಟು ವಾರಗಳಲ್ಲಿ ಆರಂಭವಾಗತಕ್ಕದ್ದು.

ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬಾರದು. ತರುವಾಗ ತಾಯಿ ಮಲಗುತ್ತಿದ್ದ ಗೋಣಿಯ ತುಂಡೊಂದನ್ನು ಜೊತೆಗೆ ತಂದರೆ ಆ ವಾಸನೆಗೆ ಮೊದಲ ಎರಡು ಮೂರು ರಾತ್ರಿಗಳ ಅಳು ಅರ್ಧಕ್ಕೆ ಇಳಿಯುವುದು. ಅನ್ನವನ್ನು ಮೆತ್ತಗೆ ಬೇಯಿಸಿ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಮೊಟ್ಟೆಯನ್ನೋ ಮಾಂಸವನ್ನೋ ಬೇಯಿಸಿ ಬೆರಸುವ ಮನೆಯಾದರೆ ಮರಿಯ ಅದೃಷ್ಟ. ಮಳೆಗಾಲದಲ್ಲಿ ಸಂಜೆಗೊಮ್ಮೆ ಕಿವಿಯ ಒಳಗೂ ಬೆರಳುಗಳ ಸಂದಿಯಲ್ಲಿಯೂ ಇಂಬಳ, ಉಣುಗುಗಳನ್ನು ಹುಡುಕಿ ತೆಗೆಯಬೇಕು. ಮಲಗುವ ಎಡೆಯ ವಿಚಾರದಲ್ಲಿ ಗಿರಿಯ ಹಳೆಯ ಮನೆಗಳು ಯಾವ ಶಾಸ್ತ್ರವನ್ನೂ ಕೇಳದೆ ಒಂದು ಉಪಾಯವನ್ನು ಕಂಡುಕೊಂಡಿವೆ. ಬಚ್ಚಲ ಮನೆಯ ಹಂಡೆಯ ಒಲೆಯಲ್ಲಿ ಸಂಜೆಯ ಕೆಂಡ ಆರಿದ ಮೇಲೆಯೂ ಬೂದಿಯು ಬೆಳಗಿನವರೆಗೆ ಬೆಚ್ಚಗಿರುವುದು. ಅದರ ಬಾಯ ಬಳಿ ಗೋಣಿಯನ್ನು ಹಾಸಿ, ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿದರೆ ಚಿರತೆಗೆ ದಾರಿಯಿಲ್ಲ. ಬಚ್ಚಲಿನ ಹೊಸ್ತಿಲನ್ನು ಮಡಿಯುಟ್ಟ ಅಜ್ಜಿಯರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.