ಕ್ರೂಸೋನ ಲೆಕ್ಕದ ಪುಸ್ತಕದಲ್ಲಿ ಫ್ರೈಡೇ ಎಲ್ಲಿ?



"ನಾವು ಸ್ವಂತ ಮೆರಿಟ್‌ನಿಂದ ಮೇಲೆ ಬಂದೋರು, ನಿಮಗ್ಯಾಕೆ ಮೀಸಲಾತಿ?" ಹೊಸಪೇಟೆಯ ಟೀ ಅಂಗಡಿಯಿಂದ ವಾಟ್ಸಾಪ್ ಗುಂಪಿನವರೆಗೆ ಈ ಮಾತು ದಿನಾ ಕಿವಿಗೆ ಬೀಳುತ್ತೆ. ಈ ಮಾತಿಗೆ ಮುನ್ನೂರು ವರ್ಷದ ಹಿಂದಿನ ಒಬ್ಬ ಮುತ್ತಜ್ಜ ಇದ್ದಾನೆ. ಅವನ ಹೆಸರು ರಾಬಿನ್ಸನ್ ಕ್ರೂಸೋ.

ಡೇನಿಯಲ್ ಡೀಫೋ ಬರೆದ ಆ ಕಾದಂಬರಿ ಲಂಡನ್ನಿನಲ್ಲಿ ಅಚ್ಚಾದದ್ದು 1719ರ ಏಪ್ರಿಲ್‌ನಲ್ಲಿ. ಹಡಗು ಒಡೆದು ದ್ವೀಪ ಸೇರಿದವನು 28 ವರ್ಷ ಅಲ್ಲೇ ಬದುಕಿದ ಕಥೆ. ಮಕ್ಕಳ ಸಂಕ್ಷಿಪ್ತ ಪುಸ್ತಕದಲ್ಲಿ ಓದಿದವರಿಗೆ ಅದು ಬರೀ ಸಾಹಸ. ಪೂರ್ತಿ ಓದಿದರೆ ಯುರೋಪಿನ ಜ್ಞಾನೋದಯ ಕಾಲದ ವಿಚಾರಗಳೆಲ್ಲ ಅದರೊಳಗೆ ಓಡಾಡ್ತಾವೆ. ಕ್ರೂಸೋ ದಿನ ಎಣಿಸ್ತಾನೆ, ಪ್ರಯೋಗ ಮಾಡ್ತಾನೆ, ತನ್ನ ಕಷ್ಟಸುಖಗಳನ್ನು ಜಮಾ-ಖರ್ಚಿನ ಹಾಗೆ ಎರಡು ಸಾಲಲ್ಲಿ ಬರೀತಾನೆ. ಕೊನೆಗೆ ದ್ವೀಪದಲ್ಲಿ ಮೂರು ಬೇರೆ ಬೇರೆ ನಂಬಿಕೆಯವರು ಸೇರಿದಾಗ ಯಾರನ್ನೂ ಬಲವಂತ ಮಾಡೋದಿಲ್ಲ. ಡೀಫೋ ಸ್ವತಃ ಅಧಿಕೃತ ಚರ್ಚಿಗೆ ಸೇರದ ಪಂಗಡದವನು, ಧಾರ್ಮಿಕ ಅಸಹನೆಯನ್ನು ಅಣಕಿಸಿ ಬರೆದ ತಪ್ಪಿಗೆ 1703ರಲ್ಲಿ ಬಹಿರಂಗ ಶಿಕ್ಷೆ ಅನುಭವಿಸಿದವನು. ಆ ಸಹನೆಯ ಬೆಲೆ ಅವನಿಗೆ ಗೊತ್ತಿತ್ತು.

ಅದಕ್ಕಿಂತ ದೊಡ್ಡದು ಆಸ್ತಿಯ ವಿಚಾರ. ಡೀಫೋಗಿಂತ ಮೂರು ದಶಕ ಮೊದಲು ಜಾನ್ ಲಾಕ್ ಒಂದು ವಾದ ಹೂಡಿದ್ದ: ಭೂಮಿ ಎಲ್ಲರದು, ಆದರೆ ಯಾರು ಅದಕ್ಕೆ ತನ್ನ ಶ್ರಮ ಬೆರೆಸ್ತಾನೋ ಅದು ಅವನದಾಗುತ್ತೆ. ಕ್ರೂಸೋ ಬೇಲಿ ಹಾಕ್ತಾನೆ, ಜವೆ ಬಿತ್ತುತಾನೆ, ಆಡು ಸಾಕ್ತಾನೆ, ಆಮೇಲೆ "ಇಡೀ ದ್ವೀಪ ನಂದು" ಅಂತಾನೆ. ಲಾಕ್‌ನ ವಾದಕ್ಕೆ ಮೈಕೈ ಬಂದ ಹಾಗೆ.

ಈಗ ಲೆಕ್ಕದ ಪುಸ್ತಕ ಸ್ವಲ್ಪ ತಿರುವಿ ಹಾಕೋಣ. ಕ್ರೂಸೋ ಬರಿಗೈಲಿ ಶುರುಮಾಡಲಿಲ್ಲ. ಒಡೆದ ಹಡಗಿಗೆ ಮತ್ತೆ ಮತ್ತೆ ಹೋಗಿ ಗರಗಸ, ಕೊಡಲಿ, ಬಂದೂಕು, ಮದ್ದಿನ ಪುಡಿ, ಬಟ್ಟೆ, ರಮ್ ಎಲ್ಲಾ ತಂದ. ಅದನ್ನೆಲ್ಲ ಮಾಡಿದ ಕೈಗಳು ಯಾರವು? ಇನ್ನು ಆ ಹಡಗು ಹೊರಟಿದ್ದಾದರೂ ಎಲ್ಲಿಗೆ? ಆಫ್ರಿಕಾದ ಗಿನಿ ಕರಾವಳಿಗೆ, ಗುಲಾಮರನ್ನು ತರೋಕೆ. ಅದಕ್ಕೂ ಮೊದಲು ತಾನೇ ಗುಲಾಮನಾಗಿ ಸಿಕ್ಕಿಬಿದ್ದಿದ್ದ ಕ್ರೂಸೋ, ತನ್ನ ಜೊತೆ ತಪ್ಪಿಸಿಕೊಂಡು ಬಂದ ಹುಡುಗ ಝೂರಿಯನ್ನು ಪೋರ್ಚುಗೀಸ್ ಕಪ್ತಾನನಿಗೆ 60 ಬೆಳ್ಳಿ ನಾಣ್ಯಕ್ಕೆ ಕೊಟ್ಟುಬಿಟ್ಟ. ಲಾಕ್ ಕೂಡ ಅಷ್ಟೇ, ಸ್ವಾತಂತ್ರ್ಯದ ಬಗ್ಗೆ ಬರೆದವನೇ ಗುಲಾಮರ ವ್ಯಾಪಾರ ಮಾಡ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಷೇರು ಹಾಕಿದ್ದ. ತನ್ನ ಆಳು ಕಡಿದ ಹುಲ್ಲುನೆಲವೂ ತನ್ನದೇ ಅಂತ ಅವನ ಪುಸ್ತಕದಲ್ಲೇ ಇದೆ. ಶ್ರಮ ಆಳಿನದು, ಹಕ್ಕು ಯಜಮಾನನದು!

ಇದು ದೂರದ ಇಂಗ್ಲೆಂಡಿನ ಕಥೆ ಅಂದ್ಕೋಬೇಡಿ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. 1807ರವರೆಗೆ ಇಲ್ಲಿ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಹೊಲ ಹೊಲ ಅಳೆಸಿದ, ರೈತವಾರಿ ತಂದ. ಮಧ್ಯವರ್ತಿ ಬೇಡ, ಉಳುವವನೇ ನೇರ ಸರ್ಕಾರಕ್ಕೆ ಕಂದಾಯ ಕಟ್ಟಲಿ ಅನ್ನೋದು ತತ್ವ. ಕೇಳೋಕೆ ಚೆಂದ. ಆದರೆ "ಉಳುವವನು" ಅಂತ ಪುಸ್ತಕಕ್ಕೆ ಬಂದದ್ದು ಯಾರ ಹೆಸರು? ಹೊಸಪೇಟೆ, ಹಂಪಿ, ಕಂಪ್ಲಿಯಲ್ಲಿ ವಿಜಯನಗರ ಕಾಲದ ಕಾಲುವೆಗಳು ಇವತ್ತಿಗೂ ಗದ್ದೆಗೆ ನೀರು ಹಾಯಿಸ್ತಾವೆ. ಆ ಕಾಲುವೆಯ ಹೂಳು ಎತ್ತಿದವರು, ಕೆಸರಲ್ಲಿ ನಾಟಿ ಹಾಕಿದವರು, ಕಬ್ಬು ಕಡಿದವರು ನಮ್ಮ ಕೇರಿಯ ಜನ. ಚಾಕರಿಗೆ ಬದಲಾಗಿ ಇನಾಮು ಅಂತ ಕೆಲವರಿಗೆ ತುಂಡು ನೆಲ ಸಿಕ್ಕಿದ್ದು ಬಿಟ್ಟರೆ, ಪಟ್ಟಾದಲ್ಲಿ ನಮ್ಮ ಹೆಸರು ಹುಡುಕಬೇಕು. 1974ರ ಭೂಸುಧಾರಣೆ ಕೂಡ ಗೇಣಿದಾರನ ಕೈ ಹಿಡಿಯಿತು, ಕೂಲಿಯಾಳಿನ ಕೈ ಹಿಡಿಯಲಿಲ್ಲ.

"ನಿರ್ಜನ ದ್ವೀಪ" ಅನ್ನೋ ಮಾತೂ ಹಾಗೇ. 1900ರಲ್ಲಿ ರಾಬರ್ಟ್ ಸೀವೆಲ್ ವಿಜಯನಗರವನ್ನು ಮರೆತುಹೋದ ಸಾಮ್ರಾಜ್ಯ ಅಂತ ಕರೆದ. ಮರೆತವರು ಯಾರು? ಕಮಲಾಪುರದವರಾ? ಅಲ್ಲಿ ಜನ ಬದುಕ್ತಾನೇ ಇದ್ದರು. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ಸಂಸಾರ ಮಾಡ್ತಿದ್ದವರನ್ನು ಎಬ್ಬಿಸಿದಾಗಲೂ ಅದೇ ನೋಟ: ಕಲ್ಲು ಪರಂಪರೆ, ಜನ ಅತಿಕ್ರಮಣ. ಸಂಡೂರಿನ ಗುಡ್ಡಗಳನ್ನು ಬರೀ ಅದಿರಿನ ಟನ್ನುಗಳಲ್ಲಿ ಎಣಿಸುವವರ ನೋಟವೂ ಬೇರೆಯಲ್ಲ.

ಹಾಗಾದರೆ ಜ್ಞಾನೋದಯದ ವಿಚಾರಗಳನ್ನೇ ಕಸಕ್ಕೆ ಹಾಕೋದಾ? ನಮ್ಮ ಬಳಗದ ಕೆಲವರು ಹಾಗೆ ಹೇಳ್ತಾರೆ. ನಾನು ಒಪ್ಪಲ್ಲ. ಕಾದಂಬರಿಯಲ್ಲೇ ಉತ್ತರ ಇದೆ. ಕ್ರೂಸೋ ಅವನ ಹೆಸರು ಕೇಳದೆ "ಫ್ರೈಡೇ" ಅಂತ ಹೆಸರಿಟ್ಟ, ತನ್ನನ್ನು "ಒಡೆಯ" ಅನ್ನೋಕೆ ಕಲಿಸಿದ. ಆದರೆ ಬೈಬಲ್ ಪಾಠ ಹೇಳುವಾಗ ಅದೇ ಫ್ರೈಡೇ ಕೇಳ್ತಾನೆ: ದೇವರಿಗೆ ಅಷ್ಟು ಶಕ್ತಿ ಇದ್ದರೆ ಸೈತಾನನನ್ನು ಯಾಕೆ ಕೊಲ್ಲಲಿಲ್ಲ? ಕ್ರೂಸೋ ಕೇಳಿಸದವನ ಹಾಗೆ ನಟಿಸ್ತಾನೆ! ವಿಚಾರಶಕ್ತಿ ಒಡೆಯನ ಸ್ವತ್ತಲ್ಲ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?

ಜ್ಯೋತಿಬಾ ಫುಲೆ ಥಾಮಸ್ ಪೇನ್ ಓದಿದ್ದು, 1873ರ 'ಗುಲಾಮಗಿರಿ'ಯನ್ನು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದ್ದು ಇದೇ ದಾರಿ. ಬಾಬಾಸಾಹೇಬರು ಸ್ವಾತಂತ್ರ್ಯ, ಸಮಾನತೆ, ಬಂಧುತ್ವವನ್ನು ಸಂವಿಧಾನಕ್ಕೆ ತಂದರು. 1954ರ ರೇಡಿಯೋ ಭಾಷಣದಲ್ಲಿ, ಇವನ್ನು ತಾನು ಫ್ರೆಂಚ್ ಕ್ರಾಂತಿಯಿಂದ ಎರವಲು ತಂದಿಲ್ಲ, ಬುದ್ಧನಿಂದ ಪಡೆದೆ ಅಂತ ಸ್ಪಷ್ಟ ಮಾಡಿದರು. ಅಂದರೆ ವಿವೇಕಕ್ಕೆ ಪೂರ್ವ ಪಶ್ಚಿಮ ಇಲ್ಲ, ಯಾರೂ ಅದಕ್ಕೆ ಬೇಲಿ ಹಾಕೋ ಹಾಗಿಲ್ಲ.

ಆದ್ದರಿಂದ ಲಾಕ್‌ನ ಮಾತನ್ನು ನಾವು ಬಿಡಬಾರದು, ಪೂರ್ತಿ ಮಾಡಬೇಕು. ಶ್ರಮದಿಂದ ಹಕ್ಕು ಹುಟ್ಟುತ್ತೆ ಅಂದ್ರಲ್ಲ? ಸರಿ, ಹಾಗಾದರೆ ಕಾಲುವೆ, ಗದ್ದೆ, ಗಣಿಗಳ ಲೆಕ್ಕ ತೆಗೀರಿ. ಮುಂದಿನ ಸಲ ಯಾರಾದರೂ "ಸ್ವಂತ ಮೆರಿಟ್" ಅಂದರೆ ಜಗಳ ಬೇಡ, ಒಂದೇ ಪ್ರಶ್ನೆ ಕೇಳಿ: ಅಣ್ಣಾ, ನಿನ್ನ ಹಡಗಿನಲ್ಲಿ ಏನೇನಿತ್ತು?

ಜೈಭೀಮ್.